ಅಪ್ಪನ ಹಳೇ ದಿನಸಿ ಲೆಕ್ಕದ ಪುಸ್ತಕ ಸಿಕ್ಕಿದೆ, ಬಾಕಿ 412 ರೂ. 60 ಪೈಸೆ. ರಾಜಾಜಿನಗರದ ಆ ಶೆಟ್ಟರ ಮನೆಯವರು ಈಗ ಎಲ್ಲಿದ್ದಾರೆ?

ಕಾರ್ಡ್‌ರೋಡ್ ಹುಡುಗ
ಎಲ್ಲರಿಗೂ ನಮಸ್ಕಾರ. ರಾಜಾಜಿನಗರದ ನಮ್ಮ ಹಳೇ ಮನೆಯನ್ನು ಬಿಲ್ಡರ್‌ಗೆ ಒಪ್ಪಿಸಬೇಕು. ಈ ತಿಂಗಳು ಪೂರ್ತಿ ಖಾಲಿ ಮಾಡೋದೇ ಕೆಲಸ. ಮೊನ್ನೆ ಅಟ್ಟದ ಮೇಲಿದ್ದ ಟ್ರಂಕಿನ ತಳದಲ್ಲಿ, ನನ್ನ ಮಾರ್ಕ್ಸ್ ಕಾರ್ಡುಗಳ ಕೆಳಗೆ, ಉದ್ದನೆಯ ಒಂದು ಲೆಕ್ಕದ ಪುಸ್ತಕ ಸಿಕ್ಕಿತು. ಭಾಷ್ಯಂ ಸರ್ಕಲ್ ಹತ್ತಿರ ಇದ್ದ ದಿನಸಿ ಅಂಗಡಿಯದು. ನಾವೆಲ್ಲ "ಶೆಟ್ಟರ ಅಂಗಡಿ" ಅಂತಿದ್ವಿ, ಬೋರ್ಡೇ ಇರಲಿಲ್ಲ.

ಪುಸ್ತಕ ಶುರುವಾಗೋದು 1980ರ ನವೆಂಬರಲ್ಲಿ. ಅಕ್ಕಿ, ತೊಗರಿಬೇಳೆ, ಬೆಲ್ಲ, ಬಾರ್ ಸೋಪು, ಎಲ್ಲ ಶೆಟ್ಟರದೇ ದುಂಡು ಅಕ್ಷರ. ಡಿಸೆಂಬರ್ ಕೊನೆಗೆ ಅಪ್ಪನ ಫ್ಯಾಕ್ಟರಿಯಲ್ಲಿ ಸ್ಟ್ರೈಕ್ ಆಯ್ತು. ಅಲ್ಲಿಂದ ಪುಸ್ತಕದ ಚಹರೆಯೇ ಬೇರೆ. ಜಮಾ ಅನ್ನೋ ಕಡೆ ಎಲ್ಲ ಖಾಲಿ. ಕಾಫಿಪುಡಿ ಮಾಯ. ಒಂದು ಕಿಲೋ ಇದ್ದ ಬೇಳೆ ಅರ್ಧ, ಆಮೇಲೆ ಕಾಲು. ಆದರೆ ಫೆಬ್ರವರಿಯಲ್ಲಿ ನಾಲ್ಕು ಕಡೆ "ಬಿಸ್ಕತ್ತು, ಮಗುವಿಗೆ" ಅಂತ ಬರೆದು ಮುಂದೆ ಬೆಲೆ ಹಾಕದೆ ಬರೀ ಒಂದು ಗೀಟು ಎಳೆದಿದ್ದಾರೆ. ಆ ಮಗು ನನ್ನ ತಂಗಿ.

ಸ್ಟ್ರೈಕ್ ಮುಗಿದ ಮೇಲೆ ಅಪ್ಪ ಸ್ವಲ್ಪ ಸ್ವಲ್ಪವೇ ಕಟ್ಟಿದ್ದಾರೆ. ಕೊನೇ ಪುಟದಲ್ಲಿ ಬಾಕಿ 412-60. ಅಷ್ಟರಲ್ಲಿ ಕಟ್ಟಡದ ಮಾಲೀಕರು ಜಾಗ ಮಾರಿದರು, ಶೆಟ್ಟರು ಅಂಗಡಿ ಎತ್ತಿಬಿಟ್ಟರು. ಅಪ್ಪ ಈಗಿಲ್ಲ. ಅಮ್ಮನಿಗೆ ಪುಸ್ತಕ ತೋರಿಸಿದ್ದಕ್ಕೆ "ನಿಮ್ಮಪ್ಪ ಎರಡು ಸಲ ಹುಡುಕ್ಕೊಂಡು ಹೋಗಿದ್ರು ಕಣೋ, ಸಿಗಲಿಲ್ಲ" ಅಂದರು. ನಾನು ಈ ದುಡ್ಡು ವಾಪಸ್ ಕೊಡಬೇಕು. ಆ ಕಡೆಯ ಹಳಬರು ಯಾರಾದರೂ ಇದ್ದೀರಾ? ಅವರ ಮಕ್ಕಳ ಸುಳಿವು ಗೊತ್ತಾ?

ಎಂಟನೇ ಕ್ರಾಸ್
ಯಾವ ಭಾಷ್ಯಂ ಸರ್ಕಲ್? ಸದಾಶಿವನಗರದ ಕಡೆಯೂ ಒಂದಿದೆ. ಮೊದಲು ಅದನ್ನ ಸರಿಯಾಗಿ ಹೇಳಿ, ಇಲ್ಲಾಂದ್ರೆ ಅರ್ಧ ಜನ ಅಲ್ಲಿ ಹುಡುಕ್ತಾರೆ.

ಕಾರ್ಡ್‌ರೋಡ್ ಹುಡುಗ
ರಾಜಾಜಿನಗರದ್ದೇ ಸಾರ್. ಪ್ರಕಾಶನಗರಕ್ಕೆ ಇಳಿಯೋ ಕಡೆ. ಅಂಗಡಿ ಪಕ್ಕ ಹಿಟ್ಟಿನ ಮಿಷನ್ ಇತ್ತು, ಎದುರಿಗೆ ಬಾಡಿಗೆ ಸೈಕಲ್ ಅಂಗಡಿ.

ನ್ಯಾಯದ ಮಾತು
ಕಾನೂನು ಪ್ರಕಾರ ನೀವು ಏನೂ ಕೊಡಬೇಕಾಗಿಲ್ಲ. 1963ರ ಕಾಲಮಿತಿ ಕಾಯ್ದೆಯಲ್ಲಿ ಇಂಥ ಸಾಲದ ದಾವೆಗೆ 3 ವರ್ಷ ಅಷ್ಟೇ. ನಿಮ್ಮದಕ್ಕೆ 40 ವರ್ಷ ದಾಟಿದೆ. ಯಾವುದಾದರೂ ದೇವಸ್ಥಾನದ ಅನ್ನದಾನಕ್ಕೆ ಐದು ಸಾವಿರ ಕೊಟ್ಟು ನೆಮ್ಮದಿಯಾಗಿರಿ.

ಶ್ರೀರಾಂಪುರ ವಠಾರ
ಕೋರ್ಟಿಗೆ ಹೋಗ್ತೀನಿ ಅಂತ ಅವರು ಹೇಳಿದ್ರಾ? ಕೊಡಬೇಕು ಅನ್ನಿಸಿದೆ, ದಾರಿ ಕೇಳ್ತಿದ್ದಾರೆ. ದೇವಸ್ಥಾನದೋರು ಇವರಿಗೆ ಬೇಳೆ ಸಾಲ ಕೊಟ್ಟಿರಲಿಲ್ಲ, ಶೆಟ್ಟರು ಕೊಟ್ಟಿದ್ದು.

ನ್ಯಾಯದ ಮಾತು
ನಾನೇನು ಕೊಡಬೇಡಿ ಅಂದೆನಾ? ಬಾಧ್ಯತೆ ಇಲ್ಲ ಅಂದೆ. ಎರಡೂ ಬೇರೆ ಬೇರೆ.

ಜಾಲಹಳ್ಳಿ ಈಸ್ಟ್
ಆ ಸ್ಟ್ರೈಕ್ ನನಗೆ ಚೆನ್ನಾಗಿ ನೆನಪಿದೆ. ಬಿಇಎಲ್, ಎಚ್‌ಎಂಟಿ, ಐಟಿಐ, ಎಚ್‌ಎಎಲ್, ಬಿಇಎಂಎಲ್, ಕೇಂದ್ರ ಸರ್ಕಾರದ ಈ ಫ್ಯಾಕ್ಟರಿಗಳಲ್ಲಿ ಎಲ್ಲ ಕಡೆ ಒಟ್ಟಿಗೆ. ಮೂರು ತಿಂಗಳು ಸಂಬಳ ಇರಲಿಲ್ಲ. ಬೆಳಗ್ಗೆ ಫ್ಯಾಕ್ಟರಿ ಬಸ್ಸುಗಳು ಓಡದೆ ನಮ್ಮ ರಸ್ತೆ ಭಣಗುಡ್ತಿತ್ತು. ನಮ್ಮಮ್ಮ ಬಳೆ ಗಿರವಿ ಇಟ್ಟರು. ಅಪ್ಪ ದಿನಾ ಶೇವ್ ಮಾಡಿಕೊಂಡು, ಇಸ್ತ್ರಿ ಶರ್ಟ್ ಹಾಕಿಕೊಂಡು ಗೇಟ್ ಮೀಟಿಂಗಿಗೆ ಹೋಗೋರು. ಮನೇಲಿ ಕೂತ್ರೆ ಅಕ್ಕಪಕ್ಕದವರ ಮುಖ ನೋಡೋಕೆ ಆಗಲ್ಲ ಅಂತ. ಅಕ್ಕಪಕ್ಕದವರೂ ಅದೇ ಫ್ಯಾಕ್ಟರಿಯೋರೇ, ಅವರಿಗೂ ಅದೇ ಸಂಕಟ.

ಎಂಟನೇ ಕ್ರಾಸ್
ಮೂರು ತಿಂಗಳಲ್ಲ, 77 ದಿನ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್. ನಮ್ಮ ಚಿಕ್ಕಪ್ಪ ಯೂನಿಯನ್‌ನಲ್ಲಿದ್ದರು, ಸಾಯೋವರೆಗೂ "ಎಪ್ಪತ್ತೇಳು ದಿನ" ಅಂತ ಎಣಿಸಿಯೇ ಹೇಳ್ತಿದ್ದರು.

ಜಾಲಹಳ್ಳಿ ಈಸ್ಟ್
77 ದಿನ ಸರಿ. ಆದರೆ ಬಳೆ ಬಿಡಿಸ್ಕೊಂಡಿದ್ದು ಎರಡು ವರ್ಷ ಆದ ಮೇಲೆ.

ಹಾಲಿನ ಬೂತ್
ಆಹಾ, ಸೈಕಲ್ ಅಂಗಡಿ ಅಂದ ತಕ್ಷಣ ನೆನಪಾಯ್ತು. ಗಂಟೆ ಲೆಕ್ಕದ ಬಾಡಿಗೆ, ಗೋಡೆ ಗಡಿಯಾರ ನೋಡಿ ಸ್ಲೇಟಿನ ಮೇಲೆ ಟೈಮ್ ಬರೆಯೋರು. ನಾವು ಐದು ಜನ ಸೇರಿ ಒಂದು ಸೈಕಲ್ ತಗೊಂಡು ತಲಾ ಹನ್ನೆರಡು ನಿಮಿಷ ಹಂಚಿಕೊಳ್ತಿದ್ವಿ. ಕೈಯಲ್ಲಿ ವಾಚಿದ್ದವನಿಗೆ ಒಂದು ರೌಂಡ್ ಜಾಸ್ತಿ.

ಆಮೇಲೆ ಯಶವಂತಪುರದ ಕಡೆಯಿಂದ ಗಾಳಿ ಬೀಸಿದ್ರೆ ಸೋಪ್ ಫ್ಯಾಕ್ಟರಿಯ ಗಂಧದ ವಾಸನೆ! ಈಗಿನ ಮಕ್ಕಳಿಗೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂದ್ರೆ ಮೆಟ್ರೊ ಸ್ಟೇಷನ್ ಹೆಸರು ಅಷ್ಟೇ.

ಮಾರ್ಗೋಸಾ ರಸ್ತೆ
ನಮ್ಮ ಮಲ್ಲೇಶ್ವರದಲ್ಲಿ ರಾಜಾಮಿಲ್ ಇತ್ತು. ಮಿಲ್ ಕೂಗಿದ್ರೆ ಅಜ್ಜಿ ಒಲೆ ಹಚ್ಚೋರು, ಇನ್ನೊಂದು ಸಲ ಕೂಗಿದ್ರೆ ನಾವು ಸ್ಕೂಲಿಗೆ ಹೊರಡಬೇಕು. ಆ ಜಾಗದಲ್ಲೇ ಈಗ ಮಾಲ್. ಆಗ ಊರು ಎಷ್ಟು ಚೆನ್ನಾಗಿತ್ತು! ಎಲ್ಲರಿಗೂ ಎಲ್ಲರೂ ಗೊತ್ತು. ಬೀಗ ಹಾಕ್ತಾನೇ ಇರಲಿಲ್ಲ. ಐಟಿ ಬಂದು ಎಲ್ಲ ಹಾಳಾಯ್ತು.

ಶ್ರೀರಾಂಪುರ ವಠಾರ
ಇಲ್ಲಿ ನಾನು ಒಪ್ಪಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿದ್ದದ್ದು ನಿಜ, ಅದರಲ್ಲಿ ಒಳ್ಳೇದೂ ಇತ್ತು, ಉಸಿರು ಕಟ್ಟಿಸೋದೂ ಇತ್ತು. ನಮ್ಮ ವಠಾರದಲ್ಲಿ ಒಂಬತ್ತು ಮನೆ, ಒಂದೇ ನಲ್ಲಿ, ಎರಡು ಕಕ್ಕಸು. ನೀರು ಬರ್ತಿದ್ದದ್ದು ಬೆಳಗಿನ ಜಾವ, ಅದೂ ದಿನ ಬಿಟ್ಟು ದಿನ. ಕೊಡ ಸಾಲಲ್ಲಿಟ್ಟು ಅದರ ಪಕ್ಕ ನಿದ್ದೆ ತೂಗ್ತಾ ಕೂರ್ತಿದ್ದದ್ದು ಯಾರು? ಹೆಂಗಸರು, ನನ್ನಂಥ ಹೆಣ್ಣುಮಕ್ಕಳು. 1974ರಲ್ಲೇ ಕಾವೇರಿ ಬೆಂಗಳೂರಿಗೆ ಬಂದಿದ್ದಳು, ನಮ್ಮ ನಲ್ಲಿಗೆ ಬರೋದಕ್ಕೆ ಎಷ್ಟೋ ವರ್ಷ ಬೇಕಾಯ್ತು.

ಬಾಡಿಗೆ ಮನೆ ಕೇಳೋಕೆ ಹೋದರೆ ಹೆಸರಿಗಿಂತ ಮುಂಚೆ "ಯಾವ ಜನ ನೀವು?" ಅಂತ ಕೇಳೋರು. ಮನೆ ಖಾಲಿ ಇದ್ರೂ, ಬಾಗಿಲಲ್ಲಿ "ಮನೆ ಬಾಡಿಗೆಗಿದೆ" ಬೋರ್ಡ್ ತೂಗ್ತಿದ್ರೂ "ನಿನ್ನೆ ತಾನೇ ಆಗೋಯ್ತಲ್ಲ" ಅನ್ನೋರು. ನಮ್ಮಪ್ಪ ಅಂಥ ಏಳು ಮನೆ ಹತ್ತಿಳಿದಿದ್ದಾರೆ, ನಾನು ಅವರ ಕೈ ಹಿಡ್ಕೊಂಡು ಜೊತೇಲೇ ಇದ್ದೆ.

ಹಾಗಂತ ನನಗೆ ಒಳ್ಳೆ ನೆನಪಿಲ್ಲ ಅಂತಲ್ಲ. ವಠಾರದ ಕೊನೇ ಮನೆಯ ಅಜ್ಜಿ ಪ್ರತಿ ಸಂಕ್ರಾಂತಿಗೆ ಎಳ್ಳು ಬೀರೋಕೆ ನನಗೆ ತಮ್ಮ ಮೊಮ್ಮಗಳ ಜರಿ ಲಂಗ ಉಡಿಸಿ ಕಳಿಸೋರು. ಎಲ್ಲಿ ಬಾಗಿಲು ತೆರೀತಿತ್ತು, ಎಲ್ಲಿ ತೆರೀತಿರಲಿಲ್ಲ, ಎರಡನ್ನೂ ಹೇಳಬೇಕು ಅಂತೀನಿ ಅಷ್ಟೇ.

ಮಾರ್ಗೋಸಾ ರಸ್ತೆ
ನಿಮ್ಮ ಮಾತಿಗೆ ಎದುರಾಡೋಕೆ ನನ್ನ ಹತ್ತಿರ ಏನೂ ಇಲ್ಲ ಅಕ್ಕಾ. ನಮ್ಮ ಮನೆಯಲ್ಲೇ ಆ ಪ್ರಶ್ನೆ ಕೇಳ್ತಿದ್ದರು, ಔಟ್‌ಹೌಸ್ ಬಾಡಿಗೆಗೆ ಕೊಡುವಾಗ. ನಾನು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದೇನೆ.

ಅಂಕಿ ಸಂಖ್ಯೆ
ಐಟಿ ಮಾತು ಬಂದಿದ್ದಕ್ಕೆ ಹೇಳ್ತೀನಿ. 1971ರ ಜನಗಣತಿಯಲ್ಲಿ ಬೆಂಗಳೂರು ಸುಮಾರು 16 ಲಕ್ಷ, 1981ಕ್ಕೆ 29 ಲಕ್ಷ. ಇಲ್ಲಿ ಐಟಿಗೆ ನಾಂದಿ ಹಾಡಿದ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದೇ 1985ರಲ್ಲಿ. ಅಂದ್ರೆ ಊರು ಉಬ್ಬಿದ್ದು ಅದಕ್ಕೂ ಮುಂಚೆ. ಫ್ಯಾಕ್ಟರಿಗಳಿಗೆ, ಸರ್ಕಾರಿ ಕಚೇರಿಗಳಿಗೆ, ಗಾರೆ ಕೆಲಸಕ್ಕೆ ಜನ ಬಂದರು. ರಾಜಾಜಿನಗರ, ವಿಜಯನಗರ ತುಂಬಿದ್ದು ಹಾಗೆ. ನಮ್ಮಪ್ಪ ತುಮಕೂರು ಕಡೆಯಿಂದ ಬಂದವರು, ಅವರನ್ನೂ ಆಗಿನವರು "ಹೊರಗಿನವರು ಬಂದು ಬಾಡಿಗೆ ಏರಿಸಿದ್ರು" ಅಂತಾನೇ ಬೈದದ್ದು.

ಹಾಲಿನ ಬೂತ್
ಬೀಗದ ವಿಷಯ ಮಾತ್ರ ನಿಜ. ಬೀಗ ಹಾಕಿದ್ರೂ ಬೀಗದ ಕೈ ಪಕ್ಕದ ಮನೇಲೇ ಇರ್ತಿತ್ತು.

ಪಿ.ಪಿ. ನಂಬರ್
ಬೀಗದ ಕೈ ಮಾತ್ರ ಅಲ್ಲ, ಫೋನೂ ಪಕ್ಕದ ಮನೇಲೇ! ನಮ್ಮ ಅಣ್ಣನ ಲಗ್ನಪತ್ರಿಕೆಯಲ್ಲೇ ನಮ್ಮ ನಂಬರಿನ ಮುಂದೆ "ಪಿ.ಪಿ." ಅಂತ ಅಚ್ಚು ಹಾಕಿಸಿದ್ವಿ. ಪಕ್ಕದ ಮನೆ ಮೇಷ್ಟ್ರದ್ದು ಆ ಫೋನು. ರಾತ್ರಿ ಹನ್ನೊಂದಕ್ಕೆ ಟ್ರಂಕ್ ಕಾಲ್ ಬಂದರೂ ಮೇಷ್ಟ್ರು ಟಾರ್ಚ್ ಹಿಡ್ಕೊಂಡು ಬಂದು ಬಾಗಿಲು ತಟ್ಟೋರು. ತಾತ ಹೋದ ಸುದ್ದಿ ನಮಗೆ ಬಂದದ್ದು ಹಾಗೆ. ಮೇಷ್ಟ್ರು ಮೊದಲೇ ಕೇಳಿಸ್ಕೊಂಡಿದ್ದರು, ಆದ್ರೂ ಅಮ್ಮನಿಗೆ ಹೇಳದೆ "ನಿಮಗೆ ಫೋನ್ ಬಂದಿದೆ, ನಿಧಾನಕ್ಕೆ ಬನ್ನಿ" ಅಂದರು. ಅಮ್ಮ ಮಾತಾಡೋಷ್ಟು ಹೊತ್ತೂ ಅವರ ಮನೆಯವರು ಎದ್ದು ಅಡುಗೆಮನೇಲಿ ಕೂತಿದ್ದರು, ಅಮ್ಮನಿಗೆ ಅಳೋದಕ್ಕೆ ಜಾಗ ಮಾಡಿಕೊಟ್ಟು.

ಹುಬ್ಬಳ್ಳಿ ಮಂದಿ
ನಮ್ಮ ಕಡೆ ಇದಕ್ಕ ಉದ್ರಿ ಅಂತೀವ್ರಿ. ಅಂಗಡ್ಯಾಗ "ಇಂದು ನಗದು ನಾಳೆ ಉದ್ರಿ" ಅಂತ ಬೋರ್ಡ್ ಹಾಕಿರ್ತಾರ, ಅದರ ಬುಡಕ ಕುಂತೇ ಉದ್ರಿ ಬರೀತಾರ. ಆ ಬಿಸ್ಕತ್ತಿನ ಗೀಟು ಓದಿ ನನ್ನ ಕಣ್ಣಾಗ ನೀರು ಬಂತು ನೋಡ್ರಿ. ಆ ಮನಷಾನ್ನ ಹುಡುಕ್ರಿ, ಬಿಡಬ್ಯಾಡ್ರಿ.

ಗಲ್ಲಾಪೆಟ್ಟಿಗೆ ಮಗಳು
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ನಾನು ದಿನಸಿ ಅಂಗಡಿಯೋರ ಮಗಳು. ವಿಜಯನಗರದಲ್ಲಿ ನಮ್ಮಪ್ಪನ ಅಂಗಡಿ ಇಪ್ಪತ್ತೆರಡು ವರ್ಷ ನಡೀತು. ಗಲ್ಲಾ ಆ ಕಡೆಯಿಂದ ಹೇಗಿರುತ್ತೆ ಅಂತ ಯಾರೂ ಹೇಳ್ತಿಲ್ಲ, ನಾನು ಹೇಳ್ತೀನಿ.

ಅಪ್ಪ ಬೆಳಗಿನ ಜಾವ ಎದ್ದು ಯಶವಂತಪುರದ ಮಂಡಿಗೆ ಹೋಗೋರು. ಮಂಡಿಯವರು ವಾರಕ್ಕೊಮ್ಮೆ ದುಡ್ಡು ಕೇಳ್ತಾರೆ, ಗಿರಾಕಿ ತಿಂಗಳಿಗೊಮ್ಮೆ ಕೊಡ್ತಾರೆ. ನಡುವಿನ ಮೂರು ವಾರ ಅಂಗಡಿಯವನ ತಲೆ ಮೇಲೆ. ಅದಕ್ಕೆ ಅಪ್ಪ ಬಡ್ಡಿಗೆ ಸಾಲ ತರ್ತಿದ್ದರು. ಗಿರಾಕಿಗಳಿಗೆ ಬಡ್ಡಿ ಇಲ್ಲ, ಅಪ್ಪನಿಗೆ ಮಾತ್ರ ಇತ್ತು. ಸಂಬಳದ ವಾರ ನಗುನಗ್ತಾ ಬಂದು ಕಟ್ಟಿ ಹೋಗೋರು ನೂರು ಜನ ಇದ್ದರೆ, ರಾತ್ರೋರಾತ್ರಿ ಗಾಡಿಗೆ ಸಾಮಾನು ತುಂಬಿಸ್ಕೊಂಡು ಬಡಾವಣೆ ಬದಲಾಯಿಸೋರೂ ವರ್ಷಕ್ಕೆ ನಾಲ್ಕೈದು ಮನೆ ಇರ್ತಿದ್ದರು. ಮಾರನೇ ದಿನ ಖಾಲಿ ಮನೆ ಮುಂದೆ ಅಪ್ಪ ಸುಮ್ಮನೆ ನಿಂತ್ಕೊಳ್ಳೋರು. ಬೈತಿರಲಿಲ್ಲ. ವಾಪಸ್ ಬಂದು ಆ ಪುಟ ಮಡಚಿಡೋರು.

ದೊಡ್ಡ ಸೂಪರ್ ಮಾರ್ಕೆಟ್ ಬಂದಾಗ ಏನಾಯ್ತು ಗೊತ್ತಾ? ಕೈಯಲ್ಲಿ ದುಡ್ಡಿದ್ದಾಗ ಅಲ್ಲಿ, ತಿಂಗಳ ಕೊನೇಲಿ ನಮ್ಮಲ್ಲಿ. ನಗದು ಅಲ್ಲಿಗೆ, ಸಾಲ ನಮಗೆ. ಕೊನೆಗೆ ಅಂಗಡಿ ಮುಚ್ಚಿದಾಗ ಬರಬೇಕಾದ್ದು ತೊಂಬತ್ತು ಸಾವಿರದ ಮೇಲಿತ್ತು. ಅದರಲ್ಲಿ ಬಂದದ್ದು ಆರು ಸಾವಿರ. ನನ್ನ ಕಾಲೇಜು ಎರಡನೇ ವರ್ಷಕ್ಕೆ ನಿಂತಿತು. ನೀವೆಲ್ಲ ಪ್ರೀತಿಯಿಂದ ನೆನಪು ಮಾಡ್ಕೊಳ್ಳೋದು ನಮ್ಮ ಮನೆಯ ಬಾಕಿ.

ಕಾರ್ಡ್‌ರೋಡ್ ಅಣ್ಣ, ದಯವಿಟ್ಟು ಅನ್ನದಾನ ಅದು ಇದು ಅಂತ ದಾರಿ ತಪ್ಪಬೇಡಿ. ಆ ಮನೆಯವರನ್ನೇ ಹುಡುಕಿ.

ನ್ಯಾಯದ ಮಾತು
ಇದನ್ನು ಓದಿದ ಮೇಲೆ ನನ್ನ ಅನ್ನದಾನದ ಸಲಹೆ ವಾಪಸ್ ತಗೊಳ್ತೀನಿ. ಕಾಯ್ದೆಯ ಮಾತು ಕಾಯ್ದೆಯ ಮಟ್ಟಿಗೆ ಸರಿ. ಕೊಡಬೇಕಾದ್ದು ಅವರಿಗೇ.

ಜಾಲಹಳ್ಳಿ ಈಸ್ಟ್
ಗಲ್ಲಾಪೆಟ್ಟಿಗೆ ತಂಗಿ, ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ. ನಮ್ಮ ಅಂಗಡಿಯೋರದ್ದು ಪೂರ್ತಿ ಕಟ್ಟಿದ್ವಾ ಅಂತ ಕೇಳಿದೆ. ಕಟ್ಟಿದ್ವಿ, ಬಳೆಗಿಂತ ಮುಂಚೆ ಅದನ್ನೇ ತೀರಿಸಿದ್ದು ಅಂದರು. ಇಷ್ಟು ವರ್ಷ ನಾನು ಇದನ್ನು ಕೇಳಿಯೇ ಇರಲಿಲ್ಲ.

ಎಂಟನೇ ಕ್ರಾಸ್
ಎಷ್ಟು ಕೊಡ್ತೀರಿ ಅನ್ನೋದೂ ಪ್ರಶ್ನೆ. ಇವತ್ತು 412 ರೂಪಾಯಿ ಕೊಟ್ರೆ ಅವಮಾನ ಮಾಡಿದ ಹಾಗೆ. ಆಗ ಅದರಲ್ಲಿ ಒಂದು ಮನೆಯ ಒಂದು ತಿಂಗಳ ಸಾಮಾನು ಬರ್ತಿತ್ತು. ಈಗಿನ ಒಂದು ತಿಂಗಳ ಸಾಮಾನಿನ ಲೆಕ್ಕ ಹಾಕಿ.

ಅಂಕಿ ಸಂಖ್ಯೆ
ಬ್ಯಾಂಕ್ ಬಡ್ಡಿ ಪ್ರಕಾರ ಲೆಕ್ಕ ಹಾಕಬಹುದು, ಚಕ್ರಬಡ್ಡಿ ಸೇರಿಸಿ ಬೇಕಾದ್ರೆ ನಾನೇ ಹಾಕಿಕೊಡ್ತೀನಿ.

ಶ್ರೀರಾಂಪುರ ವಠಾರ
ಬಡ್ಡಿ ಲೆಕ್ಕ ಹಾಕ್ಕೊಂಡು ಹೋಗಬೇಡಿ ಮಾರಾಯರೆ. ಬೇಳೆ ಲೆಕ್ಕ ಹಾಕಿ, ಎಂಟನೇ ಕ್ರಾಸ್ ಹೇಳಿದ್ದೇ ಸರಿ.

ಮಿಷನ್ ಮನೆ
ನಾನು ಇಲ್ಲಿ ಹೊಸಬ, ಅಕ್ಕನ ಮಗ ಈ ಚರ್ಚೆ ತೋರಿಸಿದ. ಆ ಹಿಟ್ಟಿನ ಮಿಷನ್ ನಮ್ಮದೇ. 1996ರವರೆಗೂ ನಡೆಸಿದ್ವಿ. ಬೆಳಗ್ಗೆ ಮೊದಲು ಅಕ್ಕಿ, ಆಮೇಲೆ ಗೋಧಿ, ಮಧ್ಯಾಹ್ನದ ಮೇಲೆ ರಾಗಿ. ಮೆಣಸಿನಪುಡಿಗೆ ಬೇರೆ ಮಿಷನ್. ಸಾಲಲ್ಲಿ ಡಬ್ಬ ಇಟ್ಟು ಆಡೋಕೆ ಓಡ್ತಿದ್ದ ಮಕ್ಕಳಲ್ಲಿ ನೀವೂ ಒಬ್ಬರಿರಬೇಕು.

ಶೆಟ್ಟರು ಅಂಗಡಿ ಎತ್ತಿದ ಮೇಲೆ ಮಾಗಡಿ ರೋಡ್ ಕಡೆ ಹೋದರು, ಅಲ್ಲಿ ಚಿಕ್ಕದಾಗಿ ಗ್ರಂಥಿಗೆ ಅಂಗಡಿ ಇಟ್ಟಿದ್ದರು. ಅವರು ತೀರಿಹೋಗಿ ಬಹಳ ವರ್ಷ ಆಯ್ತು. ಮಗ ಬಸವೇಶ್ವರನಗರದಲ್ಲಿ ಪೂಜಾ ಸಾಮಗ್ರಿ ಅಂಗಡಿ ನಡೆಸ್ತಾರೆ. ಅವರ ವಿವರ ಇಲ್ಲಿ ಬೇಡ, ನಿಮಗೆ ಖಾಸಗಿಯಾಗಿ ಕಳಿಸ್ತೀನಿ. ಅವರಿಗೂ ಒಂದು ಮಾತು ಕೇಳಿಯೇ ಕಳಿಸ್ತೀನಿ.

ಹಾಲಿನ ಬೂತ್
ಸಿಕ್ಕಿಬಿಟ್ಟರು!!

ಹುಬ್ಬಳ್ಳಿ ಮಂದಿ
ಹೋಗಿ ಬಂದು ತಿಳಸ್ರಿ. ನಾವಿಲ್ಲೇ ಕುಂತೀವಿ.

ಮಾರ್ಗೋಸಾ ರಸ್ತೆ
ಅಮ್ಮನ್ನೂ ಕರ್ಕೊಂಡು ಹೋಗಿ ಸಾರ್. ಲೆಕ್ಕ ಬರೆಸಿದ್ದು ನಿಮ್ಮಪ್ಪ ಇರಬಹುದು, ದಿನಾ ಅಂಗಡಿ ಮೆಟ್ಟಿಲು ಹತ್ತಿ ಸಾಲ ಕೇಳಿದ್ದು ಅವರೇ ತಾನೇ.

ಕಾರ್ಡ್‌ರೋಡ್ ಹುಡುಗ
ನಿನ್ನೆ ಹೋಗಿ ಬಂದೆ. ಅಮ್ಮ, ನಾನು, ತಂಗಿ ಮೂರೂ ಜನ. ಅಮ್ಮನಿಗೆ 84, ಆಟೋದಲ್ಲಿ ದಾರಿಯುದ್ದಕ್ಕೂ ಪುಸ್ತಕ ಮಡಿಲಲ್ಲಿಟ್ಟುಕೊಂಡಿದ್ದರು.

ಶೆಟ್ಟರ ಮಗನಿಗೆ ಅರವತ್ತು ದಾಟಿದೆ. ನನಗೆ ಅವರು ಗೊತ್ತಾಗಲಿಲ್ಲ. ಅಮ್ಮ ಮಾತ್ರ ನೋಡಿದ ತಕ್ಷಣ "ನೀನು ಮೂಟೆ ಮೇಲೆ ಕೂತು ಓದ್ಕೊಳ್ತಿದ್ದ ಹುಡುಗ ಅಲ್ವೇನಪ್ಪಾ" ಅಂದರು. ಅವರು ಎದ್ದು ಬಂದು ಅಮ್ಮನ ಕಾಲು ಮುಟ್ಟಿದರು. ಕುರ್ಚಿ ತರಿಸಿದರು, ಕಾಫಿ ತರಿಸಿದರು.

ಎಂಟನೇ ಕ್ರಾಸ್ ಹೇಳಿದ ಹಾಗೆ ಒಂದು ತಿಂಗಳ ಸಾಮಾನಿನ ಲೆಕ್ಕ ಹಾಕಿ ಎಂಟು ಸಾವಿರ ಕವರಿನಲ್ಲಿಟ್ಟು ತಗೊಂಡು ಹೋಗಿದ್ದೆ. ಅವರು ಮುಟ್ಟಲೇ ಇಲ್ಲ. ಆಗ ನಾನು ಗಲ್ಲಾಪೆಟ್ಟಿಗೆಯವರು ಬರೆದದ್ದನ್ನು ಫೋನಿನಲ್ಲಿ ತೆಗೆದು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸ್ಕೊಂಡರು. "ನಿಜ, ನಮ್ಮಲ್ಲೂ ಹೀಗೇ ಆಯ್ತು, ಅಮ್ಮನ ಒಡವೆ ಮಾಗಡಿ ರೋಡ್ ಅಂಗಡಿಗೆ ಹೋಯ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕವರ್ ತಗೊಂಡು ಅದರಿಂದ 412 ರೂಪಾಯಿ ಮಾತ್ರ ಎಣಿಸಿಕೊಂಡರು. ಚಿಲ್ಲರೆ ಅವರ ಗಲ್ಲಾದಿಂದಲೇ ತೆಗೆದು ಸರಿ ಮಾಡಿದರು. ಅರವತ್ತು ಪೈಸೆ ಈಗ ಎಲ್ಲಿಂದ ತರೋದು ಅಂತ ಅಮ್ಮ ಒಂದು ರೂಪಾಯಿ ಇಟ್ಟರು. ಉಳಿದದ್ದು ಬೇಡ ಅಂದರು. ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ.

ಆಮೇಲೆ ಪುಸ್ತಕ ಕೇಳಿದರು. ಒಂದೊಂದೇ ಪುಟ ತಿರುಗಿಸ್ತಾ ಹೋದರು. ಬಿಸ್ಕತ್ತಿನ ಪುಟ ಬಂದಾಗ ತಂಗಿ ಬೆರಳಿಟ್ಟು "ಇದು ನಾನು" ಅಂದಳು. ಅವರು ಆ ಗೀಟನ್ನೇ ನೋಡ್ತಿದ್ದರು. ಅವರ ತಂದೆಯ ಲೆಕ್ಕದ ಪುಸ್ತಕಗಳೆಲ್ಲ ಮನೆ ಬದಲಾಯಿಸುವಾಗ ರದ್ದಿಗೆ ಹೋದವಂತೆ. ಒಂದು ಕಾಗದ ಇಲ್ಲ, ಒಂದು ಸಹಿ ಇಲ್ಲ. "ಅಪ್ಪನ ಅಕ್ಷರ ನಾನು ನೋಡಿ ಮೂವತ್ತು ವರ್ಷ ಆಯ್ತು. ಇದನ್ನ ಜೆರಾಕ್ಸ್ ಮಾಡಿಸ್ಕೊಳ್ಳಲಾ?" ಅಂತ ಕೇಳಿದರು.

ಅಮ್ಮ ನನ್ನ ಮುಖ ನೋಡಿದರು. ಪಕ್ಕದ ಅಂಗಡಿಯಲ್ಲೇ ಜೆರಾಕ್ಸ್ ಇತ್ತು. ಐವತ್ತಾರು ಪುಟ. ಜೆರಾಕ್ಸ್ ನಾವು ತಂದ್ವಿ.

ಗಲ್ಲಾಪೆಟ್ಟಿಗೆ ಮಗಳು
ಅಣ್ಣಾ, ಓದಿದೆ. ನಮ್ಮಪ್ಪನ ಪುಸ್ತಕಗಳು ಮೂರು ಇವೆ, ಬೀರುವಿನಲ್ಲಿ. ಮಡಚಿದ ಪುಟಗಳ ಸಮೇತ. ಇವತ್ತು ತೆಗೆದು ನೋಡ್ತೀನಿ.

ಶ್ರೀರಾಂಪುರ ವಠಾರ
ವಿಜಯನಗರದಲ್ಲಿ ಯಾವ ಕಡೆ ತಾಯಿ ನಿಮ್ಮ ಅಂಗಡಿ ಇದ್ದದ್ದು? ನಾವು 1988ರಿಂದ ಮೂರು ವರ್ಷ ಅಲ್ಲಿದ್ವಿ, ನೀರಿನ ಟ್ಯಾಂಕ್ ಹತ್ತಿರ. ತಿಂಗಳ ಸಾಮಾನು ಒಂದು ಮೂಲೆ ಅಂಗಡಿಯಲ್ಲಿ ತರ್ತಿದ್ವಿ. ನಮ್ಮಪ್ಪ ಅಲ್ಲಿಂದ ಹೊರಟಾಗ ಪೂರ್ತಿ ಕಟ್ಟಿದ್ರಾ ಅಂತ ನನಗೆ ಗೊತ್ತಿಲ್ಲ. ನಮ್ಮ ಪುಟ ಇದೆಯಾ ನೋಡ್ತೀರಾ?